ಕಂಪ್ಲಿಯ ಕಾರಿನಲ್ಲಿ ಕೆಂಪು ಧೂಳು

2022ರ ಹೊತ್ತಿಗೆ ನಾನು ಯಾರ ಕೈಕೆಳಗೂ ಇರಲಿಲ್ಲ. ಸಂಡೂರಿನ ಗಣಿ ಕಂಪನಿಯೊಂದರ ವರ್ಕ್‌ಶಾಪಿನಲ್ಲಿ ಜೀಪು, ಕಾರುಗಳ ವಿಭಾಗದ ಫೋರ್‌ಮನ್ ಆಗಿದ್ದು ನಿವೃತ್ತನಾಗಿದ್ದೆ. ಹೊಸಪೇಟೆಯ ಮನೆಯಲ್ಲಿ ಸುಮ್ಮನೆ ಕೂರಲಾಗದೆ, ಹಳೆಯ ವ್ಯಾನೊಂದರಲ್ಲಿ ಜಾಕು, ಸ್ಟ್ಯಾಂಡು, ಪಾನಾಗಳನ್ನು ತುಂಬಿಕೊಂಡು, ಕರೆದವರ ಮನೆಗೇ ಹೋಗಿ ಕಾರು ರಿಪೇರಿ ಮಾಡಿಕೊಡುತ್ತಿದ್ದೆ. ಆ ವರ್ಷ ಕಂಪ್ಲಿಯಿಂದ ಬಂದ ಒಂದು ಕರೆಯನ್ನು ನಾನಿನ್ನೂ ಮರೆತಿಲ್ಲ.

ಕರೆದವರು ವೀರಭದ್ರಪ್ಪ, ಅಕ್ಕಿ ಗಿರಣಿಯ ಮಾಲೀಕರು. ಕಾರು ಹಂಪ್ ಹತ್ತಿ ಇಳಿಯುವಾಗ ಮುಂದಿನಿಂದ ಟಕ್ ಎನ್ನುತ್ತದೆ, ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದರೆ ಟಂಗ್ ಎನ್ನುತ್ತದೆ ಎಂದರು. ಶೋರೂಮಿನವರು ಮುಂದಿನ ಎರಡೂ ಸ್ಟ್ರಟ್ ಮೌಂಟ್ ಹೋಗಿವೆ ಎಂದಿದ್ದರು. ಇವರು ನಂಬದೆ ಇನ್ನೊಂದು ಗ್ಯಾರೇಜಿಗೆ ಹೋದರು. ಅಲ್ಲಿಯೂ ಅದೇ ಮಾತು. ಇಬ್ಬರೂ ಒಂದೇ ಹೇಳಿದ್ದರಿಂದ ಇವರಿಗೆ ನಂಬಿಕೆ ಬರುವ ಬದಲು, ಇಬ್ಬರೂ ಮಾತಾಡಿಕೊಂಡಿದ್ದಾರೆ ಎಂಬ ಅನುಮಾನ ಬಂತು. ಕೊನೆಗೆ ಹೊಸ ಮೌಂಟುಗಳನ್ನು ತಾವೇ ಕೊಂಡು ತಂದು, ತಮ್ಮ ಅಂಗಳದಲ್ಲಿ, ತಮ್ಮ ಕಣ್ಣೆದುರೇ ಕೆಲಸ ಆಗಬೇಕೆಂದು ನನ್ನನ್ನು ಕರೆಸಿದ್ದರು.

ಸ್ಟ್ರಟ್ ಎಂದರೆ ಮುಂದಿನ ಚಕ್ರದ ಮೇಲೆ ನಿಂತಿರುವ ಶಾಕ್ ಅಬ್ಸಾರ್ಬರು ಮತ್ತು ಅದರ ಸುತ್ತಲಿನ ದಪ್ಪ ಸ್ಪ್ರಿಂಗು. ಅದರ ತಲೆಯನ್ನು ಕಾರಿನ ಬಾಡಿಗೆ ಹಿಡಿದಿಡುವ ರಬ್ಬರಿನ ಬಿಲ್ಲೆಯೇ ಮೌಂಟ್. ಅದರ ಕೆಳಗೆ ಒಂದು ಬೇರಿಂಗ್ ಇರುತ್ತದೆ. ಸ್ಟೇರಿಂಗ್ ತಿರುಗಿಸಿದಾಗ ಸ್ಪ್ರಿಂಗು ಸಲೀಸಾಗಿ ತಿರುಗುವುದು ಅದರಿಂದಲೇ. ರಬ್ಬರು ಹರಿದರೆ ಟಕ್, ಬೇರಿಂಗ್ ಹಿಡಿದುಕೊಂಡರೆ ಟಂಗ್.

ನಾನು ಹೋದಾಗ ವೀರಭದ್ರಪ್ಪನವರು ಕಾರಿನ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡಿದ್ದರು. ಬಾನೆಟ್ ತೆರೆದರೆ ಎರಡೂ ಸ್ಟ್ರಟ್ಟಿನ ತಲೆಯ ಮೇಲೆ ಉಗುರುಬಣ್ಣದ ಗುರುತು. ನಾನು ಅವರ ಒಳ್ಳೆಯ ಸ್ಟ್ರಟ್ ಬದಲಾಯಿಸಿ ಹಳೆಯದು ಹಾಕಬಾರದಲ್ಲ, ಅದಕ್ಕೆ. ನನಗೆ ಸಿಟ್ಟು ಬರಲಿಲ್ಲ. ಪಾಲುದಾರನೊಬ್ಬ ಹಿಂದೆ ಅವರಿಗೆ ಮೋಸ ಮಾಡಿದ್ದನ್ನು ದಾರಿಯ ಚಹಾದಂಗಡಿಯಲ್ಲೇ ಕೇಳಿದ್ದೆ.

ಅವರ ಡ್ರೈವರ್ ಹುಲಿಗೆಪ್ಪ ಐವತ್ತು ದಾಟಿದವನು, ಆ ಮನೆಯಲ್ಲಿ ಬಹಳ ವರ್ಷದಿಂದ ಇದ್ದವನು. ಪರೀಕ್ಷೆಗೆಂದು ನಾನು ಸ್ಪ್ರಿಂಗಿನ ಮೇಲೆ ಕೈಯಿಟ್ಟು, ಸ್ಟೇರಿಂಗ್ ತಿರುಗಿಸಲು ಅವನಿಗೆ ಹೇಳಿದೆ. ಸ್ಪ್ರಿಂಗು ಬಿಗಿದುಕೊಂಡು ನಿಂತು, ಟಂಗ್ ಎಂದು ಬಿಟ್ಟುಕೊಂಡಿತು. ಬೇರಿಂಗ್ ಹೋಗಿತ್ತು. ಗಾಡಿ ಎಲ್ಲೆಲ್ಲಿ ಓಡುತ್ತದೆ ಎಂದು ಕೇಳಿದೆ. ಕಂಪ್ಲಿ, ಹೊಸಪೇಟೆ, ನೆಂಟರು ಬಂದರೆ ಹಂಪಿ, ಅಷ್ಟೇ ಎಂದ. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಅವನು ನೀರು ತರಲು ಒಳಗೆ ಹೋದಾಗ ವೀರಭದ್ರಪ್ಪ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು.

"ರಿಪೇರಿ ಒಂದ ಅಲ್ರೀ. ಈ ಗಾಡಿ ಎಲ್ಲಿಗೆ ಹೋಗೇತಿ ಅಂಬದು ನನಗ ಬೇಕು. ನಾ ಗಿರಣ್ಯಾಗ ಇದ್ದಾಗ ಇವನು ಬಾಡಿಗಿಗೆ ಬಿಡಾಕತ್ಯಾನ."

ನಾನು ಪಾನಾ ಕೈಗೆತ್ತಿಕೊಂಡೆ. ಆದರೆ ಮಾತು ಒಳಗೆ ಇಳಿದಿತ್ತು. ಹುಲಿಗೆಪ್ಪ ಕೊಟ್ಟ ನೀರು ಕುಡಿಯುತ್ತಲೇ ನಾನೂ ಅವನನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ.

ಚಕ್ರ ಬಿಚ್ಚಿ, ಬ್ರೇಕಿನ ಕೊಳವೆಯನ್ನು ಅದರ ಹಿಡಿಕೆಯಿಂದ ಬಿಡಿಸಿ, ಕೆಳಗಿನ ಎರಡು ಬೋಲ್ಟ್, ಮೇಲಿನ ಮೂರು ನಟ್ ತೆಗೆದು ಸ್ಟ್ರಟ್ಟನ್ನು ಹೊರಗೆಳೆದೆ. ಬಿಚ್ಚಿದ್ದನ್ನೆಲ್ಲ ಅವರೆದುರು ಗೋಣಿಚೀಲದ ಮೇಲೆ ಇಡಬೇಕೆಂದು ಅಪ್ಪಣೆಯಾಗಿತ್ತು, ಹಾಗೇ ಇಟ್ಟೆ. ಆಮೇಲಿನದೇ ಈ ಕೆಲಸದ ಅಪಾಯದ ಭಾಗ. ಸ್ಪ್ರಿಂಗು ಆ ಸ್ಥಿತಿಯಲ್ಲೂ ಒಳಗೇ ಒತ್ತಿಕೊಂಡಿರುತ್ತದೆ. ಕಂಪ್ರೆಸರ್ ಎಂಬ ಕೊಕ್ಕೆಗಳನ್ನು ಎರಡೂ ಬದಿಗೆ ಹಾಕಿ, ಸಮನಾಗಿ ಬಿಗಿದು, ಸ್ಪ್ರಿಂಗು ಕುಗ್ಗಿದ ಮೇಲೆಯೇ ನಡುವಿನ ನಟ್ ಮುಟ್ಟಬೇಕು. ಅವಸರ ಮಾಡಿದವರ ದವಡೆ ಒಡೆದದ್ದನ್ನು ವರ್ಕ್‌ಶಾಪಿನಲ್ಲಿ ಕಂಡಿದ್ದೇನೆ.

ನಟ್ ತೆಗೆದು ಮೌಂಟ್ ಎತ್ತಿದೆ. ರಬ್ಬರು ಸುತ್ತಲೂ ಸೀಳಿತ್ತು. ಬೇರಿಂಗಿನೊಳಗೆ ಗ್ರೀಸಿನ ಜೊತೆ ಕಲೆಸಿ ಗಟ್ಟಿಯಾಗಿದ್ದ ಕೆಂಪು ಧೂಳು. ಹೆಬ್ಬೆರಳಿಂದ ಉಜ್ಜಿದೆ, ಕೆಂಪಿನೊಳಗೆ ಬೂದು ಮಿಂಚು ಕಂಡಿತು. ಕಂಪ್ಲಿಯ ಗದ್ದೆಗಳ ಮಣ್ಣು ಕಪ್ಪು. ಈ ಧೂಳನ್ನು ನಾನು ಬದುಕಿನುದ್ದಕ್ಕೂ ಅಂಗಿಯಿಂದ ಒಗೆದಿದ್ದೇನೆ.

ವೀರಭದ್ರಪ್ಪ ನನ್ನ ಬೆರಳನ್ನೇ ನೋಡುತ್ತಿದ್ದರು. ಏನದು ಎಂದರು. ಅದಿರಿನ ಧೂಳು ಎಂದೆ. ಬಾಯಿಂದ ಹೊರಗೆ ಬಿದ್ದ ಮೇಲೆ ಆ ಮಾತಿನ ತೂಕ ತಿಳಿಯಿತು.

ಅವರು ಕುರ್ಚಿಯಿಂದ ಎದ್ದವರೇ ಹುಲಿಗೆಪ್ಪನ ಕೊಳ್ಳಪಟ್ಟಿಗೆ ಕೈ ಹಾಕಿದರು. ಸಂಡೂರಿನ ಯಾವ ಗಣಿಯವರಿಗೆ ಗಾಡಿ ಬಿಟ್ಟಿದ್ದೀಯ, ಎಷ್ಟು ದಿನದಿಂದ ಎಂದು ಜಗ್ಗಾಡಿದರು. ಹುಲಿಗೆಪ್ಪ ಒಂದು ಮಾತೂ ಆಡಲಿಲ್ಲ. ಹಿಂದೆ ಸರಿಯುತ್ತ ಅವನ ಹಿಮ್ಮಡಿ ನೆಲದ ಮೇಲೆ ಕೊಕ್ಕೆಗಳಲ್ಲಿ ಕುಗ್ಗಿಕೊಂಡೇ ಇದ್ದ ಸ್ಪ್ರಿಂಗಿಗೆ ತಗುಲಿ, ಅದು ಅರ್ಧ ಉರುಳಿ, ಒಂದು ಕೊಕ್ಕೆ ಸ್ವಲ್ಪ ಜರುಗಿತು. ನಾನು ಕೈ ಎತ್ತಿ ಕೂಗಿದೆ.

"ಸಾವ್ಕಾರ್ರ, ಇದ್ದಲ್ಲೇ ನಿಂದರ್ರಿ. ಈ ಕೊಕ್ಕಿ ಬಿಟ್ರ ಯಾರ ತಲಿ ಹೋಗತೈತೋ ಹೇಳಾಕ ಬರಂಗಿಲ್ಲ."

ಇಬ್ಬರೂ ಹಿಡಿದ ಹಿಡಿತದಲ್ಲೇ ನಿಂತರು. ನಾನು ಮೊಣಕಾಲೂರಿ, ಕೊಕ್ಕೆಯನ್ನು ಸರಿಪಡಿಸಿ, ಸ್ವಲ್ಪ ಸ್ವಲ್ಪವಾಗಿ ಸಡಿಲಿಸಿ ಸ್ಪ್ರಿಂಗನ್ನು ಪೂರ್ತಿ ಬಿಟ್ಟೆ. ಕೆಲಸ ಮುಗಿದು ನಾನು ತಲೆಯೆತ್ತಿದಾಗ ಕಟ್ಟೆಯ ಮೇಲೆ ವೀರಭದ್ರಪ್ಪನವರ ಹೆಂಡತಿ ಸುಮಂಗಲಾ ನಿಂತಿದ್ದರು.

"ಅವನ್ನ ಬಿಡ್ರಿ. ಗಾಡಿ ಒಯ್ದಾಕಿ ನಾನು."

ಅವರು ಹೇಳಿದ್ದು ಇಷ್ಟು. ಹಿಂದಿನ ವರ್ಷ ಒಂದು ಮಧ್ಯಾಹ್ನ ಮಗಳಿಗೆ ಉಬ್ಬಸ ಹೆಚ್ಚಾಯಿತು. ಗಂಡ ಊರಲ್ಲಿಲ್ಲ, ಹುಲಿಗೆಪ್ಪ ರಜೆಯ ಮೇಲಿದ್ದ. ಕಾರು ಅಂಗಳದಲ್ಲೇ ಇತ್ತು, ಕೀಲಿ ಗೂಟದಲ್ಲೇ ಇತ್ತು. ಆಟೋ ಬರುವತನಕ ಮಗಳ ತುಟಿ ನೀಲಿಯಾಗುವುದನ್ನು ನೋಡುತ್ತ ನಿಲ್ಲಬೇಕಾಯಿತು. ಮಗಳು ಉಳಿದಳು. ಡ್ರೈವಿಂಗ್ ಕಲಿಯುತ್ತೇನೆಂದು ಗಂಡನನ್ನು ಕೇಳಿದರೆ, ಡ್ರೈವರ್ ಇರುವಾಗ ನಿನಗೇಕೆ ಎಂದು ನಕ್ಕರು. ಕಂಪ್ಲಿಯಲ್ಲಿ ಕಲಿತರೆ ಸಂಜೆಯೊಳಗೆ ಗಿರಣಿಗೆ ಸುದ್ದಿ ಮುಟ್ಟುತ್ತದೆ. ಅದಕ್ಕೆ ಯಾರಿಗೂ ಹೇಳುವುದಿಲ್ಲವೆಂದು ಹುಲಿಗೆಪ್ಪನಿಂದ ಮಾತು ತೆಗೆದುಕೊಂಡು, ಪಾಪಿನಾಯಕನಹಳ್ಳಿಯಾಚೆ ಅದಿರು ರಾಶಿ ಹಾಕುತ್ತಿದ್ದ ಒಂದು ಖಾಲಿ ಬಯಲಿಗೆ ಹೋಗಿ ಅವನಿಂದಲೇ ಕಲಿತರು. ಕಾರು ನಿಲ್ಲಿಸಿ ಹಿಂದೆ ತಗೊಳ್ಳುವುದು, ಸ್ಟೇರಿಂಗನ್ನು ಕೊನೆಯವರೆಗೆ ತಿರುಗಿಸುವುದು, ಮತ್ತೆ ಅದೇ.

ವೀರಭದ್ರಪ್ಪನವರ ಕೈ ಕೊಳ್ಳಪಟ್ಟಿಯಿಂದ ಜಾರಿತು. ಅನುಮಾನ ಮಾತ್ರ ಜಾಗ ಬದಲಿಸಿತು.

"ಇವನ ಜೋಡಿ ಒಬ್ಬಾಕೇನಾ?"

"ಮಗಳು ಹಿಂದಿನ ಸೀಟಿನ್ಯಾಗ ಇರ್ತಿದ್ಲು. ಒಳಗದಾಳ, ಕೇಳ್ರಿ."

ವೀರಭದ್ರಪ್ಪ ಬಾಗಿಲ ಕಡೆ ತಿರುಗಿದರು. ಒಂದು ಹೆಜ್ಜೆ ಇಟ್ಟರು ಕೂಡ. ಕರೆದು ಕೇಳಿಯೇ ಬಿಡುತ್ತಾರೆ ಎಂದುಕೊಂಡೆ. ಕೇಳಲಿಲ್ಲ. ಬಂದು ಕುರ್ಚಿಯಲ್ಲಿ ಕುಳಿತು, ಇವಳು ಕಲಿತದ್ದಕ್ಕೇ ಬೇರಿಂಗ್ ಹೋಯಿತೇ ಎಂದು ನನ್ನನ್ನು ಕೇಳಿದರು. ನಿಜವನ್ನೇ ಹೇಳಿದೆ. ನಿಂತಲ್ಲಿ ಸ್ಟೇರಿಂಗ್ ತಿರುಗಿಸಿದರೆ ಬೇರಿಂಗಿಗೆ ಪೆಟ್ಟು, ಆದರೆ ರಬ್ಬರು ಸೀಳಿದ್ದು ವರ್ಷಗಳ ಹಂಪು, ಗುಂಡಿಗಳಿಂದ. ಯಾವುದರ ಪಾಲೆಷ್ಟು ಎಂದು ಯಾವ ಮೆಕ್ಯಾನಿಕ್ಕೂ ಹೇಳಲಾರ.

ಸ್ಪ್ರಿಂಗನ್ನು ಮತ್ತೆ ಕುಗ್ಗಿಸಿ, ಬೇರಿಂಗ್ ಸಮೇತ ಹೊಸ ಮೌಂಟ್ ಕೂರಿಸಿ, ಸ್ಪ್ರಿಂಗಿನ ತುದಿಯನ್ನು ಅದರ ತಗ್ಗಿಗೆ ಹೊಂದಿಸಿ, ಬಿಗಿತ ಅಳೆಯುವ ಟಾರ್ಕ್ ರೆಂಚಿನಿಂದ ನಟ್ ಬಿಗಿದೆ. ಇನ್ನೊಂದು ಬದಿಯದೂ ಮುಗಿಯಿತು. ಸ್ಟ್ರಟ್ ಬಿಚ್ಚಿ ಹಾಕಿದ ಮೇಲೆ ಚಕ್ರಗಳ ಅಲೈನ್‌ಮೆಂಟ್ ನೋಡಿಸಲೇಬೇಕು, ಕಾರು ಹೊಸಪೇಟೆಗೆ ಹೋಗಬೇಕು ಎಂದೆ. ವೀರಭದ್ರಪ್ಪ ಏನೂ ಆಗಿಲ್ಲವೆಂಬಂತೆ ಹುಲಿಗೆಪ್ಪನಿಗೆ, ನಡಿ ಎಂದರು. ಅವನು ಕೀಲಿಯನ್ನು ಒಯ್ದು ಸುಮಂಗಲಾ ಅವರ ಕೈಗೆ ಕೊಟ್ಟ.

"ನಿಮಗ ಬರತೈತ್ರಿ ಅಕ್ಕಾರ. ಇನ್ನ ನಾ ಬ್ಯಾಡ."

ಅಷ್ಟು ಹೇಳಿ, ಚಪ್ಪಲಿ ಮೆಟ್ಟಿಕೊಂಡು ಗೇಟು ದಾಟಿದ. ಸುಮಂಗಲಾ ಕರೆದರೂ ತಿರುಗಿ ನೋಡಲಿಲ್ಲ. ಅವರು ಕಣ್ಣೊರೆಸಿಕೊಂಡು ಒಳಗಿನಿಂದ ಕೆಂಪು ಎಲ್ ಬೋರ್ಡುಗಳನ್ನು ತಂದು ಕಾರಿನ ಹಿಂದೆ ಮುಂದೆ ಅಂಟಿಸಿದರು. ಕಲಿಕಾ ಲೈಸೆನ್ಸನ್ನೂ ಮಾಡಿಸಿದ್ದರು. ಪಕ್ಕದಲ್ಲಿ ನಾನು ಕುಳಿತೆ, ಹಿಂದೆ ಗಂಡ. ಮೊದಲ ಹಂಪಿನಲ್ಲಿ ಸದ್ದಿಲ್ಲ. ಎರಡನೆಯದರಲ್ಲೂ ಇಲ್ಲ. ವೀರಭದ್ರಪ್ಪ ಪ್ರತಿ ಹಂಪಿಗೂ ಮುಂದಕ್ಕೆ ಬಾಗಿ ಕಿವಿಗೊಡುತ್ತಿದ್ದರು. ಅಲೈನ್‌ಮೆಂಟ್ ಅಂಗಡಿ ಮುಟ್ಟಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ಹುಲಿಗೆಪ್ಪ ತಿರುಗಿ ಬರುತ್ತಾನೇನು ಎಂದು ಮೆಲ್ಲಗೆ ಕೇಳಿದರು. ಗೊತ್ತಿಲ್ಲ ಎಂದೆ.

ಅವನು ಬರಲಿಲ್ಲ. ಮುಂದೆ ಹಂಪಿಯಲ್ಲಿ ಪ್ರವಾಸಿಗರ ಕಾರು ಓಡಿಸುತ್ತಿದ್ದಾಗ ನನಗೆ ಸಿಕ್ಕ. ವೀರಭದ್ರಪ್ಪ ತಾವೇ ಬಂದು ಕರೆದಿದ್ದರಂತೆ. ಯಾಕೆ ಹೋಗಲಿಲ್ಲ ಎಂದೆ.

"ತಪ್ಪು ಮಾಡಿ ಬೈಸ್ಕೊಂಡ್ರ ಅದು ಮರತು ಹೋಗತೈತ್ರಿ. ಮಾಡದ ತಪ್ಪಿಗೆ ಕೊಳ್ಳಪಟ್ಟಿ ಹಿಡಿಸ್ಕೊಂಡ ಮನ್ಯಾಗ ತುತ್ತು ಇಳಿಯಂಗಿಲ್ಲ."

ಕಾರು ಎಲ್ಲಿಗೆ ಹೋಗಿತ್ತು ಎಂದು ಆ ಧೂಳು ಹೇಳಿತ್ತು. ಯಾರು ಓಡಿಸಿದರು, ಯಾಕೆ ಓಡಿಸಿದರು ಎಂದು ಹೇಳಿರಲಿಲ್ಲ. ಉಳಿದದ್ದನ್ನು ನಾವೇ ಸೇರಿಸಿಕೊಂಡಿದ್ದೆವು. ಈಗಲೂ ಮಾಲೀಕರು, ಇದನ್ನು ಯಾರು ಹಾಳು ಮಾಡಿದ್ದು ಎಂದು ಕೇಳುತ್ತಲೇ ಇರುತ್ತಾರೆ. ನಾನು ಸವೆದ ಭಾಗವನ್ನು ಅವರ ಕೈಗೆ ಕೊಟ್ಟು, ಏನು ಸವೆದಿದೆ ಎಂಬುದನ್ನಷ್ಟೇ ತೋರಿಸಿ, ಹೊಸದನ್ನು ಕೂರಿಸಲು ಕೆಳಗೆ ಬಾಗುತ್ತೇನೆ.