ಮಂಜುವಿನ ಉಷ್ಣ

ಜರ್ಮನರು ಕೈ ಕುಲುಕಿ, ನನ್ನ ಕೈ ತಣ್ಣಗಿರುವುದಕ್ಕೆ ಹವೆಯನ್ನು ದೂರುತ್ತಾರೆ; ನಮ್ಮಜ್ಜಿಯಾಗಿದ್ದರೆ ನನ್ನ ದೇಹಪ್ರಕೃತಿಯನ್ನು ದೂರುತ್ತಿದ್ದಳು. ಸುದ್ದಿಮನೆಯಲ್ಲಿ ಪಳಗಿದ ನಾನು ಎರಡೂ ಕಡೆಯ ಹೇಳಿಕೆ ಕೇಳಿ, ಕೈಯನ್ನು ಜೇಬಿಗೆ ಸೇರಿಸಿ ಸುಮ್ಮನಿರುವವನು. ಈ ತಟಸ್ಥನೀತಿಗೆ ಭಂಗ ಬಂದದ್ದು ಬಾನ್ ನಗರದಲ್ಲಿ, ಫರೀದೆಯಿಂದ.

ಜರ್ಮನಿಯೇ ಕೊಟ್ಟ ಗ್ರೀನ್ ಕಾರ್ಡ್ ಹಿಡಿದು ನಮ್ಮ ಕಂಪ್ಯೂಟರ್ ಹುಡುಗರು ಅಲ್ಲಿಗೆ ಬಂದಿಳಿಯುತ್ತಿದ್ದ ಕಾಲ. ನಮ್ಮ ಮೇಲಿನ ಮಹಡಿಯ ಫರೀದೆ ಇರಾನಿನವಳು, ವಿಶ್ವವಿದ್ಯಾಲಯದಲ್ಲಿ ವಂಶವಾಹಿಗಳ ಸಂಶೋಧಕಿ. ಅವಳ ನಾಡಿನ ಹಳೆಯ ವೈದ್ಯಶಾಸ್ತ್ರ ಮನುಷ್ಯರ ಪ್ರಕೃತಿಯನ್ನು ಮಿಜಾಜ್ ಎಂದು ಕರೆದು, ಉಷ್ಣ, ಶೀತ, ಒಣ, ತೇವ ಎಂದು ವಿಂಗಡಿಸುತ್ತದೆ. ಒಂದೇ ಖರ್ಜೂರ ಒಬ್ಬನಿಗೆ ಪುಷ್ಟಿಯೂ ಇನ್ನೊಬ್ಬನಿಗೆ ಬಾಯಿಹುಣ್ಣೂ ಆಗುವುದಾದರೆ, ಆ ವ್ಯತ್ಯಾಸದ ಬೇರು ವಂಶವಾಹಿಯಲ್ಲಿದೆಯೇ? ಇದು ಅವಳ ಪ್ರಶ್ನೆ. ಅವಳ ಪ್ರೊಫೆಸರರದು ಒಂದೇ ಷರತ್ತು: ಆ ಶಾಸ್ತ್ರ ಬಲ್ಲ ಇಬ್ಬರು ಹಕೀಮರು, ಪರಸ್ಪರ ಮಾತಾಡದೆ, ಅದೇ ಜನರ ನಾಡಿ ಹಿಡಿದು ಅದೇ ಮಿಜಾಜ್ ಹೇಳಬೇಕು. ತಪ್ಪಿದರೆ ಸಂಶೋಧನೆಗೆ ಅನುಮತಿಯಿಲ್ಲ. ಅವಳು ಊರಿಗೆ ಗಂಟುಮೂಟೆ ಕಟ್ಟಬೇಕು.

ನಾಡಿ ಕೊಡಲು ಒಪ್ಪಿದವರಲ್ಲಿ ನಾನಿದ್ದೆ, ನನ್ನ ಜೊತೆ ಮನೆ ಹಂಚಿಕೊಂಡಿದ್ದ ಮೈಸೂರಿನ ಮಂಜುವೂ ಇದ್ದ. ಶನಿವಾರ ಮೊದಲ ಹಕೀಮರನ್ನು ಅವನು ತನ್ನದು ಯಾವ ಮಿಜಾಜೆಂದು ಪೀಡಿಸಿ ಪೀಡಿಸಿ ಕೇಳಿದ. ಅವರು ತಡೆಯಲಾರದೆ "ಉಷ್ಣ" ಎಂದುಬಿಟ್ಟರು. ಭಾನುವಾರ ಎರಡನೆಯವರು ಮಿಕ್ಕೆಲ್ಲರ ವಿಷಯದಲ್ಲೂ ಮೊದಲಿನವರು ಹೇಳಿದ್ದನ್ನೇ ಹೇಳಿ, ಮಂಜುವನ್ನು ಮಾತ್ರ ಶೀತವೆಂದರು. ಫರೀದೆಯ ಮುಖ ಬಿಳಿಚಿತು.

"ಏನೋ ಮಾಡ್ಕೊಂಡೆ?" ಎಂದು ಮಂಜುವನ್ನು ಕೇಳಿದೆ.

"ಉಷ್ಣ ಅಂದ್ರಲ್ಲ ಗುರು, ಹಾಗೇ ಬಿಡಕ್ಕಾಗುತ್ತಾ? ನೆತ್ತಿಗೆ ಹರಳೆಣ್ಣೆ ತಟ್ಟಿ ಸ್ನಾನ ಮಾಡ್ದೆ. ಆಮೇಲೆ ಮಜ್ಜಿಗೆ, ಸೌತೆಕಾಯಿ, ಮತ್ತೆ ಮಜ್ಜಿಗೆ."

"ಹುಷಾರಾದೆ ಬಿಡು. ಅವಳ ಓದಿಗೆ ಜ್ವರ ಬಂತು."

ಅವನನ್ನು ಬೈದು ಫಲವಿಲ್ಲ. ನಮ್ಮಲ್ಲಿ ಉಷ್ಣವೆಂಬುದು ಪ್ರಕೃತಿಯಲ್ಲ, ಕಾಯಿಲೆ; ತಿಳಿದ ಮೇಲೂ ಸುಮ್ಮನಿರುವ ಕನ್ನಡಿಗನನ್ನು ನಾನಂತೂ ಕಂಡಿಲ್ಲ.

ಮಂಜು ಅಳುಮೋರೆ ಹಾಕಿ ಅವಳಿಗೆ ಎಲ್ಲ ಹೇಳಿದ. "ನನ್ನ ಹೆಸರು ತೆಗೆದುಬಿಡಿ ಮೇಡಂ. ಮಿಕ್ಕವರದೆಲ್ಲ ಹೊಂದಿದೆಯಲ್ಲ."

"ಹೊಂದದವರನ್ನೆಲ್ಲ ತೆಗೆಯುತ್ತ ಹೋದರೆ ಹೊಂದಿದ್ದಕ್ಕೆ ಏನು ಬೆಲೆ?" ಎಂದಳು. ಎಷ್ಟೋ ಸಂಪಾದಕರು ನಿವೃತ್ತಿಯವರೆಗೂ ಕಲಿಯದ ಪಾಠ ಅದು. ಸೋಮವಾರ ಮಂಜುವನ್ನೂ ಅವನ ಮಜ್ಜಿಗೆಯ ವೃತ್ತಾಂತವನ್ನೂ ಪ್ರೊಫೆಸರರ ಮುಂದೆ ತಾನೇ ನಿಲ್ಲಿಸಿದಳು. ಜೊತೆಗೆ ನಾನೂ ಹೋಗಿದ್ದೆ. ಅವರು ನಗದೆ ಕೇಳಿ, ಎಲ್ಲರನ್ನೂ ಮೊದಲಿನಿಂದ ನೋಡಿಸಲು ಹೇಳಿದರು. ಈ ಸಲ ಯಾರಿಗೂ ಏನೂ ತಿಳಿಯಕೂಡದು, ಯಾರೂ ಯಾವ ಪಥ್ಯವನ್ನೂ ಮಾಡಕೂಡದು.

ಮಂಜು ವಾರಗಟ್ಟಲೆ ಎಣ್ಣೆ, ಮಜ್ಜಿಗೆ ಮುಟ್ಟದೆ ಉರಿಮೂತಿ ಹೊತ್ತು ತಿರುಗಿದ. ಕೊನೆಗೆ ಇಬ್ಬರು ಹಕೀಮರೂ ಅವನನ್ನು ಉಷ್ಣವೆಂದೇ ಹೇಳಿದರು. ಅನುಮತಿ ಸಿಕ್ಕ ಸಂಜೆ ಫರೀದೆ ಪಿಸ್ತಾ ಹಿಡಿದು ಕೆಳಗಿಳಿದು ಬಂದಳು. ಇನ್ನು ರಕ್ತ ತೆಗೆದು ವಂಶವಾಹಿ ನೋಡುವುದಷ್ಟೇ ಬಾಕಿ.

"ಅಲ್ಲಿಯವರೆಗೂ ಎಣ್ಣೆ ಹಚ್ಚಬಾರದಾ ಮೇಡಂ?" ಎಂದ ಮಂಜು, ದೀನನಾಗಿ.

"ಧಾರಾಳವಾಗಿ ಹಚ್ಚಿಕೊಳ್ಳಿ," ಎಂದಳು ಫರೀದೆ. "ನಾನಿನ್ನು ನೋಡುವುದು ಎಣ್ಣೆ ಇಳಿಯದ ಜಾಗವನ್ನು."