ಅಬು ಹೈಸಮನ ಹಲ್ಲು
ಚಹಾದಂಗಡಿಯಲ್ಲಿ ಎಲ್ಲರೆದುರು "ನಿನ್ನ ಬಾಯಿ ನಾರ್ತದೆ ಕಣಯ್ಯ" ಅಂದ ಅಬು ಹೈಸಮನ ಮೇಲೆ ನನಗಿನ್ನೂ ಸಿಟ್ಟಿದೆ. ಅಮ್ಮಾನ್ ನಗರದ ನಮ್ಮ ಕಟ್ಟಡಕ್ಕೆ ನೀರು ಬರುವುದು ವಾರಕ್ಕೊಮ್ಮೆ. ಆದರೂ ಮೇಲ್ಮನೆಯ ಈ ಮುದುಕ ದಿನಾ ಸಂಜೆ ಒಂದು ಲೋಟ ಬೆಚ್ಚನೆಯ ನೀರನ್ನು ಹಲ್ಲುಸಂದು ತೊಳೆಯುವ ಪುಟ್ಟ ಯಂತ್ರಕ್ಕೆ ತುಂಬಿ, ಸಂದುಸಂದಿಗೂ ಚಿಮ್ಮಿಸಿಕೊಳ್ಳುತ್ತ, ಮೋಡದ ಮೇಲೆ ಕೂತವನಂತೆ ಕಣ್ಣು ಮುಚ್ಚುತ್ತಿದ್ದ; ಆ ಗುಂಯ್‌ ಸದ್ದಿಗೆ ಮಾಳಿಗೆಯ ಪಾರಿವಾಳಗಳೂ ತೂಕಡಿಸುತ್ತಿದ್ದವು. ಒಮ್ಮೆ ಜಗಳಕ್ಕೆಂದೇ ಹತ್ತಿಹೋದೆ. "ನೀರು ಹಾಳ್ಮಾಡ್ತೀಯಲ್ಲ ಚಿಕ್ಕಪ್ಪ?" ಅವನು ಹುರಿದ ಕಲ್ಲಂಗಡಿ ಬೀಜಗಳನ್ನು ಹಲ್ಲಲ್ಲಿ ಒಡೆದು, ತಿರುಳನ್ನೆಲ್ಲ ಹಲ್ಲುದುರಿದ ಹೆಂಡತಿಯ ಅಂಗೈಗೆ ಹಾಕುತ್ತಿದ್ದ. "ಸಂದೀಲಿ ಸಿಪ್ಪೆ ಉಳಿದ್ರೆ ವಸಡು ಕೆಡ್ತದೆ. ನನ್ನ ಹಲ್ಲೂ ಹೋದ್ರೆ ಇವಳಿಗೆ ಒಡ್ಕೊಡೋರ್ಯಾರು?" ಎಂದ. ಆಕೆ ಅರ್ಧ ತಿರುಳನ್ನು ನನ್ನ ಕೈಗೆ ಸುರಿದಳು. ತಿನ್ನುತ್ತಲೇ ಇಳಿದುಬಂದೆ. ಇಬ್ಬರೂ ಈಗಿಲ್ಲ, ಆ ಹಿಡಿ ತಿರುಳಿನ ಋಣ ಹಾಗೇ ಉಳಿದಿದೆ.