ಬಲಕ್ಕೆ ತಿರುಗದ ತರಗತಿ

ಎಡ ಮಂಡಿಚಿಪ್ಪು ಜಾರಿದರೆ ಅವಳು ಕಿರುಚುತ್ತಿರಲಿಲ್ಲ. ನೆಲಕ್ಕೆ ಕೂತು, ಹಲ್ಲು ಕಚ್ಚಿ, ಕಾಲನ್ನು ಮೆಲ್ಲಗೆ ನೀಡುತ್ತಿದ್ದಳು. ಹೊರಬದಿಗೆ ಸರಿದಿದ್ದ ಚಿಪ್ಪು ಮತ್ತೆ ಒಳಗೆ ಬಂದು ಕೂರುತ್ತಿತ್ತು. ಶೂ ಲೇಸು ಬಿಚ್ಚಿಹೋಗಿತ್ತು ಎಂದು ಹೇಳಿ ಏಳುತ್ತಿದ್ದಳು.

ಅವಳನ್ನು ಎಲ್ಲರೂ ಬುಗುರಿ ಎನ್ನುತ್ತಿದ್ದರು. ಸ್ಕೇಟಿಂಗ್ ಕಲಿಸುವುದು ಅವಳ ಕೆಲಸ. ಹಿಂದೆ ಗೋದಾಮಾಗಿದ್ದ ಕಟ್ಟಡಕ್ಕೆ ಮರದ ನೆಲ, ಎತ್ತರದ ಕಿಟಕಿಗಳು. ಕಲಿಯುವವರು ಕೆಲಸ ಮುಗಿಸಿ ಬರುವ ದೊಡ್ಡವರು: ಬೇಕರಿಯವನು, ಹಲ್ಲಿನ ಡಾಕ್ಟರಮ್ಮ, ನಿವೃತ್ತ ಗುಮಾಸ್ತರು. ಸಂಜೆಯ ಬೆಳಕು ನೆಲದ ಮೇಲೆ ಉದ್ದಕ್ಕೆ ಮಲಗಿದಾಗ ಅವರೆಲ್ಲ ನಿದ್ದೆಯಲ್ಲಿ ತೇಲುವವರಂತೆ ಸುತ್ತುತ್ತಿದ್ದರು. ಸುತ್ತುತ್ತಿದ್ದದ್ದು ಎಡಕ್ಕೆ ಮಾತ್ರ.

ಎಡಗಾಲಿನ ಮೇಲೆ ಭಾರ ಹಾಕಿ ಬಲಕ್ಕೆ ತಿರುಗಿದರೆ ಚಿಪ್ಪು ಜಾರುತ್ತದೆ ಎಂಬುದು ಬುಗುರಿಗೆ ಗೊತ್ತಿತ್ತು. ಮೊದಲು ತಾನು ತಿರುಗುವುದನ್ನು ಬಿಟ್ಟಳು. ಆಮೇಲೆ ಕಲಿಸುವುದನ್ನೂ ಬಿಟ್ಟಳು. ಮನೆಯಲ್ಲಿ ಇದನ್ನು ಬಲ್ಲವಳು ಅಮ್ಮ ಒಬ್ಬಳೇ.

"ಮಂಡಿ ಏನು ಮೇಜಿನ ಡ್ರಾಯರೇನೇ, ಹೊರಗೆ ಬಂತು ಅಂತ ಒಳಗೆ ತಳ್ಳೋಕೆ?"

"ಸರಿಹೋಯ್ತಲ್ಲಮ್ಮ."

"ಹೋಗುತ್ತೆ, ಹೋಗುತ್ತೆ. ಒಂದಿನ ಕಾಲೇ ಹೋಗುತ್ತೆ."

ಒಮ್ಮೆ ಬಚ್ಚಲುಮನೆಯಲ್ಲಿ ಟವೆಲ್ಲಿಗೆ ಕೈಚಾಚಿದಾಗಲೇ ಚಿಪ್ಪು ಜಾರಿತು. ಮಂಡಿ ಊದಿಕೊಂಡು ಅವಳು ಹಾಸಿಗೆ ಹಿಡಿದಳು. ತರಗತಿಗೆ ಬೇರೊಬ್ಬ ಮೇಷ್ಟ್ರು ಬಂದರು. ಕೆಲವು ದಿನಗಳಲ್ಲೇ ಬೇಕರಿಯವನು ಮೊಣಕೈಗೆ ಬ್ಯಾಂಡೇಜು ಸುತ್ತಿಕೊಂಡು ಅವಳನ್ನು ನೋಡಲು ಬಂದ.

"ಇದೇನ್ರೀ?"

"ಹೊಸ ಮೇಷ್ಟ್ರು 'ಬಲಕ್ಕೆ' ಅಂದ್ರು, ಅಷ್ಟೇ. ಟ್ರೇಯಿಂದ ಚೆಲ್ಲಿದ ಬನ್ನಿನ ಹಾಗೆ ಬಿದ್ವಿ. ನಾನು ಗುಮಾಸ್ತರ ಮೇಲೆ, ಡಾಕ್ಟರಮ್ಮ ನನ್ನ ಮೇಲೆ. 'ಯಾರಪ್ಪ ನಿಮಗೆ ಕಲಿಸಿದ್ದು' ಅಂದ್ರು ಮೇಷ್ಟ್ರು. ನಾವ್ಯಾರೂ ಬಾಯಿ ಬಿಡ್ಲಿಲ್ಲ."

ಅವನು ನಗುತ್ತಲೇ ಇದ್ದ. ಬುಗುರಿಗೆ ನಗು ಬರಲಿಲ್ಲ. ತನ್ನ ಭಯವನ್ನೇ ಅಷ್ಟೂ ಜನರಿಗೆ ಅಚ್ಚುಕಟ್ಟಾಗಿ ಕಲಿಸಿಬಿಟ್ಟಿದ್ದಳು. ಮಂಡಿ ಸರಿಹೋಗಬೇಕು, ಇಲ್ಲವೇ ಕಲಿಸುವುದನ್ನು ಬಿಡಬೇಕು. ಮೂರನೆಯ ದಾರಿ ಇರಲಿಲ್ಲ.

ಮೂಳೆ ವೈದ್ಯೆ ಹೆಬ್ಬೆರಳಿನಿಂದ ಚಿಪ್ಪನ್ನು ಹೊರಕ್ಕೆ ಒತ್ತಿದ್ದೇ ತಡ, ಬುಗುರಿಯ ಕೈ ಹೋಗಿ ಅವರ ಮಣಿಕಟ್ಟನ್ನು ಹಿಡಿದುಕೊಂಡಿತು.

"ಸಾಕು, ನಿಮ್ಮ ಕೈಯೇ ಹೇಳ್ತು," ಎಂದರು ವೈದ್ಯೆ. ಆಮೇಲೆ ಸ್ಕ್ಯಾನ್ ಮಾಡಿಸಿ, ಅದರಲ್ಲಿ ಕಂಡದ್ದನ್ನು ವಿವರಿಸಿದರು: ಚಿಪ್ಪನ್ನು ಒಳಬದಿಯಿಂದ ಹಿಡಿದಿಡುವ ಪಟ್ಟಿ ಹರಿದಿದೆ, ಪ್ರತಿ ಸಲ ಜಾರಿದಾಗಲೂ ಒಳಗಿನ ನುಣುಪಾದ ಪದರ ಸವೆಯುತ್ತಿದೆ. "ಮೊದಲ ಸಲವೇ ಬಂದಿದ್ರೆ ವ್ಯಾಯಾಮದಲ್ಲೇ ಮುಗೀತಿತ್ತೇನೋ. ಈಗ ತೊಡೆ ಹಿಂದಿನ ಸ್ನಾಯುರಜ್ಜು ತೆಗೆದು ಹೊಸ ಪಟ್ಟಿ ಕಟ್ತೀವಿ. ಅದನ್ನ ಕಾಯ್ಬೇಕಾದ್ದು ನಿಮ್ಮ ತೊಡೆ, ಸೊಂಟದ ಬಲ. ಅದು ನಿಮ್ಮ ಕೆಲಸ."

"ಮತ್ತೆ ಬಲಕ್ಕೆ ತಿರುಗ್ತೀನಾ ಡಾಕ್ಟ್ರೇ?"

"ಬಹಳ ಜನ ತಿರುಗ್ತಾರೆ. ಗ್ಯಾರಂಟಿ ಬರ್ಕೊಡಲ್ಲ."

ಶಸ್ತ್ರಚಿಕಿತ್ಸೆಯ ನಂತರದ ಮಧ್ಯಾಹ್ನಗಳು ಮಂಜಿನಂತಿದ್ದವು. ಕಣ್ಣು ಮುಚ್ಚಿದರೆ ಗಾಲಿಗಳ ಗುಯ್‌ಗುಡುವಿಕೆ, ಕೊನೆಯೇ ಇಲ್ಲದ ನೆಲ, ತೂಕವಿಲ್ಲದ ಮೈ. ತಿರುವು ಬರುವಷ್ಟರಲ್ಲಿ ಎಚ್ಚರ. ಎಚ್ಚರವಾದರೆ ಕಾಲು ಎತ್ತುವುದು, ಇಳಿಸುವುದು. ಆಮೇಲೆ ಗಿಡ್ಡ ಮೆಟ್ಟಿಲು, ಅದಾದ ಮೇಲೆ ಒಂಟಿಕಾಲಿನ ಮೇಲೆ ನಿಲ್ಲುವುದು. "ಕೊಕ್ಕರೆ ಸಾಕಿದ್ದೀನಿ," ಎಂದು ಅಮ್ಮ ಪಕ್ಕದ ಮನೆಯವರಿಗೆ ಹೇಳಿದಳು. ತಿಂಗಳುಗಳು ಕಳೆದು ಎರಡೂ ಕಾಲುಗಳ ಬಲ ಸರಿಸಮ ಆದ ಮೇಲೆ ವೈದ್ಯೆ ಸ್ಕೇಟಿಂಗಿಗೆ ಒಪ್ಪಿದರು. ಮಂಡಿ ಒಪ್ಪಿತ್ತು. ಮನಸ್ಸು ಇನ್ನೂ ಒಪ್ಪಿರಲಿಲ್ಲ.

ತರಗತಿಗೆ ಮರಳಿದ ಮೊದಲ ಸಂಜೆ ಎಲ್ಲರೂ ಗೋಡೆಗೆ ಒರಗಿ ನಿಂತಿದ್ದರು. ಅವಳು ಸ್ಕೇಟು ಕಟ್ಟಿಕೊಂಡು ಅವರೆದುರು ಬಂದು ನಿಂತಳು.

"ಬಲಕ್ಕೆ ತಿರುಗೋಕೆ ನನಗೆ ಹೆದರಿಕೆ ಇತ್ತು. ಅದಕ್ಕೇ ನಿಮಗೂ ಕಲಿಸ್ಲಿಲ್ಲ," ಎಂದಳು.

"ನಾವೇನೋ ಅದು ಸ್ಟೈಲು ಅಂದ್ಕೊಂಡಿದ್ವಿ," ಎಂದರು ಗುಮಾಸ್ತರು.

ಅವಳು ಹೊರಟಳು. ಎಡಗಾಲಿನ ಮೇಲೆ ಭಾರ ಬಿಟ್ಟು, ಅಗಲವಾದ ತಿರುವಿನಲ್ಲಿ, ತೀರಾ ನಿಧಾನವಾಗಿ ಬಲಕ್ಕೆ ಬಂದಳು. ಮಂಡಿ ಸುಮ್ಮನಿತ್ತು. ಇನ್ನೊಂದು ಸುತ್ತು, ಸ್ವಲ್ಪ ಬಿಗಿಯಾಗಿ. ಆಗಲೂ ಸುಮ್ಮನಿತ್ತು. ಮೂರನೆಯ ಸುತ್ತಿಗೆ ಅವಳು ಕೈಚಾಚಿದಳು. ಹಲ್ಲಿನ ಡಾಕ್ಟರಮ್ಮ ಆ ಕೈ ಹಿಡಿದರು, ಅವರ ಕೈಯನ್ನು ಬೇಕರಿಯವನು, ಅವನ ಅಂಗಿಯನ್ನು ಗುಮಾಸ್ತರು. ಸಾಲು ಓಲಾಡಿತು, ಯಾರೋ ಅಯ್ಯಯ್ಯೋ ಎಂದರು, ಯಾರೂ ಕೈ ಬಿಡಲಿಲ್ಲ.